ಸುಸ್ತೋ, ಉದಾಸೀನವೋ? ದೀರ್ಘಕಾಲದ ಕಾಯಿಲೆಯ ಸುಸ್ತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಆಮವಾತ ಶುರುವಾಗಿ 11 ವರ್ಷ ಆಯಿತು. ಡಾಕ್ಟರು ಚೀಟಿಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಬರೆಯುತ್ತಾರೆ. ಮನೆ ಉಡುಪಿಯಲ್ಲಿ, ಕೆಲಸ ಒಂದು ಸಹಕಾರಿ ಸಂಘದ ಕೌಂಟರಿನಲ್ಲಿ. ಗಂಟುನೋವಿನ ಬಗ್ಗೆ ನನ್ನನ್ನು ಯಾರೂ ಜಾಸ್ತಿ ಕೇಳುವುದಿಲ್ಲ, ಬೆರಳು ಊದಿದ್ದು ಕಣ್ಣಿಗೆ ಕಾಣುತ್ತದಲ್ಲ. ಕೇಳುವುದೆಲ್ಲ ಕಾಣದ ಸುಸ್ತಿನ ಬಗ್ಗೆ. ಶುಗರ್ ಇದ್ದವರು, ಥೈರಾಯ್ಡ್ ಇದ್ದವರು, ಡಯಾಲಿಸಿಸ್‌ಗೆ ಹೋಗುವವರ ಮನೆಯವರು, ಎಲ್ಲರದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ನಾನು ಡಾಕ್ಟರ್ ಅಲ್ಲ. ಓದಿದ್ದು, ಕೇಳಿ ತಿಳಿದದ್ದು, ಅನುಭವಿಸಿದ್ದು ಇಲ್ಲಿದೆ. ಮಾತ್ರೆ ಬದಲಿಸುವ ವಿಷಯ ಬಂದರೆ ನಿಮ್ಮ ಡಾಕ್ಟರನ್ನೇ ಕೇಳಿ.

ಇದು ನಿಜವಾದ ಸುಸ್ತಾ, ಉದಾಸೀನವಾ?

ಕರಾವಳಿಯಲ್ಲಿ ‘ಉದಾಸೀನ’ ಅಂದರೆ ಸೋಮಾರಿತನ. ಮಧ್ಯಾಹ್ನ ಮಲಗಿದವಳನ್ನು ನೋಡಿ “ಎಂತ, ಉದಾಸೀನವಾ?” ಅಂತ ಕೇಳುವವರು ಕೆಟ್ಟವರೇನಲ್ಲ, ಸುಮ್ನೆ ಬಾಯಿಗೆ ಬಂದ ಮಾತು. ಆದರೆ ನಾನು ಎಷ್ಟೋ ಸಲ ಅದಕ್ಕೇ ಎದ್ದು ಕೂತು ಬಟ್ಟೆ ಮಡಚಿದ್ದೇನೆ.

ನಾನು ವ್ಯತ್ಯಾಸ ಕಂಡುಕೊಂಡದ್ದು ಹೀಗೆ. ಉದಾಸೀನ ಇದ್ದಾಗ ಪಾತ್ರೆ ತೊಳೆಯಲಿಕ್ಕೆ ಮನಸ್ಸಿಲ್ಲ, ಮಲ್ಪೆ ಬೀಚಿಗೆ ಹೋಗುವ ಅಂದರೆ ಚಪ್ಪಲಿ ಹುಡುಕುತ್ತೇವೆ. ಕಾಯಿಲೆಯ ಸುಸ್ತಿನಲ್ಲಿ ಮಲ್ಪೆಗೂ ಹೋಗಲಾಗುವುದಿಲ್ಲ. ಮನಸ್ಸು ಹೋಗಿ ಆಗಿರುತ್ತದೆ, ಮೈ ಏಳುವುದಿಲ್ಲ. ತುಳುವಿನಲ್ಲಿ ‘ಬಚ್ಚೆಲ್’ ಅನ್ನುತ್ತೇವಲ್ಲ, ಗದ್ದೆಯಲ್ಲಿ ಕೆಲಸ ಮಾಡಿ ಬಂದವರ ಬಚ್ಚೆಲ್ ಒಂದು ಬಿಸಿನೀರ ಸ್ನಾನ, ಗಂಜಿ ಊಟ, ರಾತ್ರಿ ನಿದ್ದೆಗೆ ಇಳಿಯುತ್ತದೆ. ಇದು ಇಳಿಯುವುದಿಲ್ಲ. ಎಂಟು ಗಂಟೆ ಮಲಗಿ ಎದ್ದರೂ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದ ಹಾಗೆ ಇರುತ್ತದೆ.

ಕೆಲಸವನ್ನೇ ಮಾಡದೆ ಸುಸ್ತು ಎಲ್ಲಿಂದ ಬರುತ್ತದೆ?

ಜ್ವರ ಬಂದಾಗ ಹೇಗಿರುತ್ತದೆ ನೆನಪು ಮಾಡಿಕೊಳ್ಳಿ. ಹಸಿವಿಲ್ಲ, ಮಾತು ಬೇಡ, ಹೊದ್ದು ಮಲಗಿದರೆ ಸಾಕು. ರೋಗದ ಜೊತೆ ಹೋರಾಡುವಾಗ ದೇಹದಲ್ಲಿ ಸೈಟೋಕೈನ್ ಎಂಬ ರಾಸಾಯನಿಕಗಳು ಹೆಚ್ಚುತ್ತವೆ, ಅವು ಮೆದುಳಿಗೆ “ಮಲಗು” ಎಂದು ಹೇಳುತ್ತವೆ. ಜ್ವರ ನಾಲ್ಕು ದಿನಕ್ಕೆ ಬಿಡುತ್ತದೆ. ಆಮವಾತ, ಲೂಪಸ್, ಕರುಳಿನ ಉರಿಯೂತದಂಥ ಕಾಯಿಲೆಗಳಲ್ಲಿ ಆ ಸಂದೇಶ ನಿಲ್ಲುವುದೇ ಇಲ್ಲ.

ಉಳಿದ ಕಾಯಿಲೆಗಳ ದಾರಿ ಬೇರೆ. ಹೃದಯ ಸೋತಿದ್ದರೆ ಸ್ನಾಯುಗಳಿಗೆ ಸಾಕಷ್ಟು ರಕ್ತ ತಲುಪುವುದಿಲ್ಲ. ಕಿಡ್ನಿ ಕೆಟ್ಟರೆ ರಕ್ತ ತಯಾರಾಗಲು ಬೇಕಾದ ಹಾರ್ಮೋನು ಕಡಿಮೆಯಾಗಿ ರಕ್ತಹೀನತೆ ಬರುತ್ತದೆ. ಶ್ವಾಸಕೋಶದ ಕಾಯಿಲೆಯಲ್ಲಿ ಉಸಿರಾಡುವುದೇ ಒಂದು ಕೆಲಸ. ಶುಗರ್ ಏರಿದರೂ ಸುಸ್ತು, ಇಳಿದರೂ ಸುಸ್ತು. ಕ್ಯಾನ್ಸರ್ ಚಿಕಿತ್ಸೆ ಮುಗಿದು ತಿಂಗಳುಗಟ್ಟಲೆ ಆದರೂ ಕೆಲವರಿಗೆ ಬಿಡುವುದಿಲ್ಲ. ಇವೆಲ್ಲದರ ಮೇಲೆ ನೋವು, ಹಾಳಾದ ನಿದ್ದೆ, ಚಿಂತೆ ಸೇರಿಕೊಳ್ಳುತ್ತವೆ.

ಹಾಗಾದರೆ ಸುಸ್ತು ಕಾಯಿಲೆಯದ್ದೇ ಅಂತ ಸುಮ್ಮನಿರಬಹುದಾ?

ಇಲ್ಲ. ನಾನು ಮಾಡಿದ ದೊಡ್ಡ ತಪ್ಪೇ ಇದು. ಎರಡು ವರ್ಷ ಎಲ್ಲವನ್ನೂ ಆಮವಾತದ ತಲೆಗೆ ಕಟ್ಟಿದೆ. ಒಂದು ಕಡೆ ತೋರಿಸಿದಾಗ “ನಲವತ್ತು ದಾಟಿತಲ್ಲ” ಎಂದು ನಕ್ಕು ಕಳಿಸಿದರು. ಕೊನೆಗೆ ಬೇರೊಬ್ಬರು ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.6! ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿತ್ತು, ಅದನ್ನು ನಾನೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಲೆಕ್ಕ. ಅದರ ಜೊತೆ ಸಾಮಾನ್ಯವಾಗಿ ನೋಡುವುದು ಥೈರಾಯ್ಡ್, ಶುಗರ್, ಕಿಡ್ನಿ ಮತ್ತು ಲಿವರ್, ಸೋಡಿಯಂ, ಬಿ12, ವಿಟಮಿನ್ ಡಿ. ಮೀನು ಮಾಂಸ ಮೊಟ್ಟೆ ಏನೂ ತಿನ್ನದವರಲ್ಲಿ ಬಿ12 ಕಡಿಮೆ ಇರುವ ಸಾಧ್ಯತೆ ಹೆಚ್ಚು. ಶುಗರಿಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲೂ, ಗ್ಯಾಸ್ಟ್ರಿಕ್ ಮಾತ್ರೆಯನ್ನು ದಿನಾ ನುಂಗುವವರಲ್ಲೂ ಹಾಗೆಯೇ.

ಒಂದು ಸೂಕ್ಷ್ಮ ಇದೆ, ನನಗೂ ತಡವಾಗಿ ಗೊತ್ತಾಯಿತು. ದೇಹದ ಕಬ್ಬಿಣದ ದಾಸ್ತಾನು ನೋಡಲು ಫೆರಿಟಿನ್ ಪರೀಕ್ಷೆ ಮಾಡಿಸುತ್ತಾರೆ. ಆದರೆ ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ. ಒಳಗೆ ಕಬ್ಬಿಣ ಖಾಲಿ, ರಿಪೋರ್ಟಿನಲ್ಲಿ ನಾರ್ಮಲ್! ಅದಕ್ಕೇ ನಮ್ಮಂಥವರಿಗೆ ಆ ಒಂದು ಅಂಕಿ ಸಾಲದು, ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಿನಲ್ಲಿ ಕಬ್ಬಿಣ ಎಷ್ಟು ತುಂಬಿದೆ ಎನ್ನುವ ಲೆಕ್ಕ) ಕೂಡ ನೋಡಬೇಕಾಗಬಹುದು.

ನಿದ್ದೆಯಲ್ಲಿ ಜೋರು ಗೊರಕೆ, ನಡುನಡುವೆ ಉಸಿರು ನಿಂತ ಹಾಗೆ ಆಗುವುದು, ಬೆಳಿಗ್ಗೆ ತಲೆಭಾರ, ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ, ಇಷ್ಟಿದ್ದರೆ ಸ್ಲೀಪ್ ಅಪ್ನಿಯಾ ಇರಬಹುದು. ಇದನ್ನು ಹೇಳಬೇಕಾದವರು ಪಕ್ಕದಲ್ಲಿ ಮಲಗುವವರು.

ಮಾತ್ರೆಯಿಂದಲೂ ಸುಸ್ತು ಬರುತ್ತದಾ?

ಬರುತ್ತದೆ. ಬಿಪಿ ಮತ್ತು ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆಗಳು, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಶೀತ ಅಲರ್ಜಿಯ ಕೆಲವು ಮಾತ್ರೆಗಳು ಮಂಕು ತರಿಸಬಹುದು. ಮೂತ್ರ ಹೋಗಿಸುವ ಮಾತ್ರೆಯಿಂದ ಸೋಡಿಯಂ ಇಳಿಯಬಹುದು, ವಯಸ್ಸಾದವರಲ್ಲಿ ಇದು ಸಾಮಾನ್ಯ. ನನಗೆ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್. ಅದರ ಮರುದಿನ ತಲೆಯೊಳಗೆ ಹತ್ತಿ ತುಂಬಿದ ಹಾಗೆ. ಡಾಕ್ಟರನ್ನು ಕೇಳಿ ಶನಿವಾರ ರಾತ್ರಿಗೆ ಬದಲಿಸಿಕೊಂಡೆ. ಭಾನುವಾರ ಹಾಳಾಗುತ್ತದೆ, ಸೋಮವಾರ ಕೌಂಟರಿನಲ್ಲಿ ನೋಟು ಎಣಿಸುವಾಗ ತಪ್ಪಾಗುವುದಿಲ್ಲ. (ಮೆಥೋಟ್ರೆಕ್ಸೇಟ್ ಗಂಟಿನ ಕಾಯಿಲೆಗೆ ವಾರಕ್ಕೊಮ್ಮೆ ಮಾತ್ರ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಹಿರಿಯರಿರುವ ಮನೆಯಲ್ಲಿ ಡಬ್ಬದ ಮೇಲೆ ವಾರದ ಹೆಸರು ದೊಡ್ಡದಾಗಿ ಬರೆದಿಡಿ.)

ಥೈರಾಯ್ಡ್ ಮಾತ್ರೆ ತೆಗೆದುಕೊಂಡರೂ ಸುಸ್ತು ಅನ್ನುವವರು ಅದನ್ನು ಹೇಗೆ ನುಂಗುತ್ತೀರಿ ನೋಡಿಕೊಳ್ಳಿ. ಖಾಲಿ ಹೊಟ್ಟೆಗೆ, ನೀರಿನ ಜೊತೆ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕು.

ಯಾವ ಮಾತ್ರೆಯನ್ನೂ ನೀವಾಗಿ ಬಿಡಬೇಡಿ. ಸ್ಟೀರಾಯ್ಡ್ ಅಂತೂ ಒಮ್ಮೆಲೇ ನಿಲ್ಲಿಸಲೇಬಾರದು. ಇನ್ನು, ಹೆಸರಿಲ್ಲದ ಪುಡಿ ತಿಂದು “ಮೂರೇ ದಿನಕ್ಕೆ ಶಕ್ತಿ ಬಂತು” ಅನ್ನುವವರ ಮಾತು ಕೇಳಿದರೆ ನನಗೆ ಹೆದರಿಕೆ. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ.

ಡಾಕ್ಟರ ಹತ್ತಿರ ಹೇಗೆ ಹೇಳಬೇಕು? “ಸುಸ್ತು” ಅಂದರೆ ಟಾನಿಕ್ ಬರೆದು ಕಳಿಸುತ್ತಾರೆ.

ಬರೀ ಸುಸ್ತು ಅನ್ನಬೇಡಿ, ಆಗದ ಕೆಲಸವನ್ನು ಹೇಳಿ. “ಮೊದಲು ಬಾವಿಯಿಂದ ನಾಲ್ಕು ಕೊಡ ಸೇದುತ್ತಿದ್ದೆ, ಈಗ ಒಂದಕ್ಕೇ ಕೂರಬೇಕು.” “ತಲೆ ಸ್ನಾನ ಮಾಡಿದರೆ ಅರ್ಧ ಗಂಟೆ ಮಲಗಬೇಕು.” ಯಾವಾಗಿನಿಂದ, ದಿನದ ಯಾವ ಹೊತ್ತು, ಜೊತೆಗೆ ಏದುಸಿರೋ ಜ್ವರವೋ ತೂಕ ಇಳಿಯುವುದೋ ಉಂಟಾ, ಇದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಉದ್ದದ ಓಪಿಡಿ ಸಾಲಿನಲ್ಲಿ ಕೂತು ಒಳಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಮಾತ್ರೆಗಳ ಪಟ್ಟಿಯೂ ಇರಲಿ, ಆಯುರ್ವೇದದ್ದೂ ಸೇರಿಸಿ.

ಒಳ್ಳೆಯ ದಿನ ಎಲ್ಲ ಕೆಲಸ ಮುಗಿಸುತ್ತೇನೆ, ಮರುದಿನ ಏಳಲಿಕ್ಕಾಗುವುದಿಲ್ಲ. ಯಾಕೆ?

ನಮ್ಮ ಹಿತ್ತಲಿನ ಬಾವಿ ಇದಕ್ಕೆ ಉತ್ತರ ಹೇಳಿಕೊಟ್ಟಿತು. ಜುಲೈಯಲ್ಲಿ ಅದರಲ್ಲಿ ನೀರು ಕೈಗೆ ಸಿಗುವಷ್ಟು ಮೇಲೆ. ದಿನವಿಡೀ ಪಂಪ್ ಹಾಕಿದರೂ ಮುಗಿಯುವುದಿಲ್ಲ. ಆರೋಗ್ಯ ಇದ್ದವರ ಮೈ ಹಾಗೆ. ನಮ್ಮದು ಮೇ ತಿಂಗಳ ಬಾವಿ. ಒರತೆ ಉಂಟು, ಆದರೆ ಸಣ್ಣದು. ಬೆಳಿಗ್ಗೆ ಸ್ವಲ್ಪ ನೀರು ಕಂಡಿತು ಅಂತ ಒಂದೇ ಸಲ ಪಂಪ್ ಹಾಕಿದರೆ ಮೊದಲು ನೀರು, ಆಮೇಲೆ ಕೆಸರು, ಆಮೇಲೆ ಗಾಳಿ. ಮೋಟಾರೂ ಸುಡುತ್ತದೆ. ಹತ್ತು ನಿಮಿಷ ಹಾಕಿ ಬಂದ್ ಮಾಡಿ, ಒರತೆ ತುಂಬಲು ಬಿಟ್ಟು ಮತ್ತೆ ಸಂಜೆ ಹತ್ತು ನಿಮಿಷ ಹಾಕಿದರೆ ಮಳೆ ಬರುವ ತನಕ ದಾಟಿಸಬಹುದು.

ಇದರಲ್ಲಿ ಕಷ್ಟದ ಭಾಗ ಯಾವುದು ಗೊತ್ತಾ? ತಳ ಕಾಣುವ ಮೊದಲೇ ನಿಲ್ಲಿಸುವುದು. ಸುಸ್ತಾದ ಮೇಲೆ ಕೂರುವುದು ಎಲ್ಲರಿಗೂ ಬರುತ್ತದೆ. ಇನ್ನೂ ಆಗುತ್ತದೆ ಅನ್ನಿಸುವಾಗಲೇ ಕೂರಲು ನನಗೆ ಮೂರು ವರ್ಷ ಬೇಕಾಯಿತು. ಅರ್ಧ ಗುಡಿಸಿದ ಅಂಗಳ ನೋಡಿಕೊಂಡು ಜಗಲಿಯಲ್ಲಿ ಕೂರುವುದು ಸುಲಭವಲ್ಲ, ಆಚೆ ಮನೆಯ ಅಕ್ಕ ನೋಡುತ್ತಿದ್ದರಂತೂ.

ಮಾಡಿದ್ದು ಇಷ್ಟೇ. ಎರಡು ವಾರ ಒಂದು ಹಳೇ ಡೈರಿಯಲ್ಲಿ ಏನು ಕೆಲಸ, ಎಷ್ಟು ಹೊತ್ತು, ಆಮೇಲೆ ಹೇಗಿತ್ತು, ಮರುದಿನ ಹೇಗಿತ್ತು ಅಂತ ಬರೆದೆ. ಮರುದಿನದ್ದು ಬರೆಯುವುದು ಮುಖ್ಯ, ಲೆಕ್ಕ ತಪ್ಪುವುದು ಅಲ್ಲೇ. ನಿಂತು ಮಾಡುವ ಕೆಲಸ ನನಗೆ 25 ನಿಮಿಷ ಆಗುತ್ತದೆ, 40 ಆದರೆ ಮರುದಿನ ಹೋಯಿತು ಅಂತ ಗೊತ್ತಾಯಿತು. ಈಗ 20ಕ್ಕೆ ಮೊಬೈಲ್ ಅಲಾರಂ ಹೊಡೆಯುತ್ತದೆ. ಒಳ್ಳೆಯ ದಿನವೂ 20, ಕೆಟ್ಟ ದಿನ ಆದರೆ 10. ತಲೆಗೆಲಸವೂ ಲೆಕ್ಕಕ್ಕೆ ಸೇರುತ್ತದೆ. ಮಾರ್ಚ್ ಕೊನೆಯ ಲೆಕ್ಕಪತ್ರ, ಮನೆ ತುಂಬ ನೆಂಟರ ಮಾತು, ಇವೂ ನೀರು ಎಳೆಯುತ್ತವೆ.

ಅಡುಗೆಮನೆಯಲ್ಲಿ ಏನು ಬದಲಿಸಬಹುದು?

ಎತ್ತರದ ಸ್ಟೂಲ್ ಒಂದು ಬಂದದ್ದೇ ನನ್ನ ಮನೆಯ ದೊಡ್ಡ ಕ್ರಾಂತಿ. ತರಕಾರಿ ಹೆಚ್ಚುವುದು, ನೀರುದೋಸೆ ಹೊಯ್ಯುವುದು ಎಲ್ಲ ಕೂತೇ. ಕಾಯಿ ತುರಿಯುವುದು ವಾರಕ್ಕೆರಡು ಸಲ, ತುರಿದದ್ದು ಫ್ರೀಜರಿನಲ್ಲಿ. ಕುಚ್ಚಲಕ್ಕಿ ಕುಕ್ಕರಿನಲ್ಲಿ ಇಟ್ಟು ನಾನು ಹೋಗಿ ಮಲಗುತ್ತೇನೆ, ಸೀಟಿ ಎಣಿಸುವುದು ಮಗನ ಕೆಲಸ. ಬಂಗುಡೆ ಕ್ಲೀನ್ ಮಾಡಿಸಿಯೇ ತರುವುದು. ಪತ್ರೊಡೆ ಮಾತ್ರ ಬಿಟ್ಟಿಲ್ಲ, ಆದರೆ ಎರಡು ದಿನದ ಕೆಲಸ ಮಾಡಿದ್ದೇನೆ. ಒಂದು ದಿನ ಎಲೆ ತೊಳೆದು ನಾರು ತೆಗೆಯುವುದು, ಮರುದಿನ ಅರೆದು ಹಚ್ಚಿ ಬೇಯಿಸುವುದು. ಬಟ್ಟೆ ಒಗೆದ ದಿನ ನೆಲ ಒರೆಸುವುದಿಲ್ಲ. ಬಿಸಿನೀರ ತಲೆಸ್ನಾನ ರಾತ್ರಿಗೆ ಹೋಯಿತು.

ಸುಸ್ತಿರುವಾಗ ವ್ಯಾಯಾಮ ಮಾಡಬೇಕಾ, ಬೇಡವಾ?

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆಮವಾತ, ಶುಗರ್, ಕ್ಯಾನ್ಸರ್ ನಂತರದ ಸುಸ್ತು, ಸ್ಥಿರವಾಗಿರುವ ಹೃದಯದ ಕಾಯಿಲೆ, ಇವುಗಳಲ್ಲಿ ಅಳತೆಯ ನಡಿಗೆ ಸುಸ್ತನ್ನು ಕಡಿಮೆ ಮಾಡುತ್ತದೆ. ಪೂರ್ತಿ ಮಲಗಿಯೇ ಇದ್ದರೆ ಸ್ನಾಯು ಕರಗುತ್ತದೆ, ಆಮೇಲೆ ಬಚ್ಚಲಿಗೆ ಹೋಗುವುದೂ ದೊಡ್ಡ ಕೆಲಸ. ಐದು ನಿಮಿಷದಿಂದ ಶುರು ಮಾಡಿ, ಮರುದಿನ ಸರಿ ಇದ್ದರೆ ಮುಂದಿನ ವಾರ ಒಂದೆರಡು ನಿಮಿಷ ಸೇರಿಸಿ. ಮಲ್ಪೆಯಲ್ಲಾಗಲಿ ಪಣಂಬೂರಿನಲ್ಲಾಗಲಿ ಒಣ ಮರಳಲ್ಲಿ ನಡೆಯಬೇಡಿ, ಕಾಲು ಹೂತು ಎರಡು ಪಟ್ಟು ಶ್ರಮ. ನೀರಿನಂಚಿನ ಗಟ್ಟಿ ಮರಳು ವಾಸಿ. ಮಳೆಗಾಲದಲ್ಲಿ ನಾನು ಜಗಲಿಯಲ್ಲೇ ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ.

ಆದರೆ ಎಂಇ ಅಥವಾ ಕ್ರಾನಿಕ್ ಫೆಟಿಗ್ ಸಿಂಡ್ರೋಮ್ ಎಂಬ ಕಾಯಿಲೆ ಬೇರೆ. ಕೋವಿಡ್ ನಂತರ ಸುಸ್ತು ಬಿಡದ ಕೆಲವರಲ್ಲೂ ಹೀಗೇ ಆಗುತ್ತದೆ. ಸಣ್ಣ ಶ್ರಮಕ್ಕೂ ಒಂದೆರಡು ದಿನ ಬಿಟ್ಟು ಮೈ ಪೂರ್ತಿ ಕುಸಿಯುತ್ತದೆ, ದಿನ ವಾರಗಟ್ಟಲೆ ಚೇತರಿಸುವುದಿಲ್ಲ. ಇಂಥವರಿಗೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ ಎನ್ನುವ ಸಲಹೆ ಕೆಡುಕು ಮಾಡಬಹುದು. ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಆ ವ್ಯಾಯಾಮ ಪದ್ಧತಿಯನ್ನು ಇವರಿಗೆ ಕೊಡಬಾರದು ಎಂದೇ ಹೇಳಿತು. “ನಡೆದರೆ ಎಲ್ಲ ಸರಿಯಾಗ್ತದೆ ಮಾರಾಯ್ರೆ” ಅನ್ನುವ ಮೊದಲು ಎದುರಿಗಿರುವವರ ಕಾಯಿಲೆ ಯಾವುದು ಅಂತ ಕೇಳಿ.

ಹಗಲು ನಿದ್ದೆ?

ಮಧ್ಯಾಹ್ನ ಮೂರು ಗಂಟೆಯೊಳಗೆ, 20–30 ನಿಮಿಷ. ಐದು ಗಂಟೆ ತನಕ ಮಲಗಿದರೆ ರಾತ್ರಿ ನಿದ್ದೆಗೆ ಕತ್ತರಿ. ಸಂಜೆಯ ಫಿಲ್ಟರ್ ಕಾಫಿಯೂ ನಿದ್ದೆ ಕೆಡಿಸುತ್ತದೆ, ಅದನ್ನು ಬಿಡುವುದು ನನಗೆ ನೋವಿಗಿಂತ ಕಷ್ಟವಾಯಿತು.

ಎಂಥ ಊಟ ಮಾಡಿದರೆ ಶಕ್ತಿ ಬರುತ್ತದೆ?

ಬಾಟಲಿಯಲ್ಲಿ ಶಕ್ತಿ ಸಿಗುವುದಿಲ್ಲ. ಬರೀ ಗಂಜಿ ಉಪ್ಪಿನಕಾಯಿ ತಿಂದು ದಿನ ಕಳೆಯುವವರಿಗೆ ಪ್ರೋಟೀನ್ ಸಾಲುವುದಿಲ್ಲ. ಗಂಜಿಯ ಜೊತೆ ಹುರುಳಿ ಚಟ್ನಿಯೋ ಹೆಸರುಕಾಳಿನ ಪಲ್ಯವೋ ಇರಲಿ. ಮೀನು ತಿನ್ನುವವರಿಗೆ ಬೂತಾಯಿಗಿಂತ ಅಗ್ಗದ, ಒಳ್ಳೆಯ ಆಹಾರ ನಮ್ಮ ಊರಲ್ಲಿ ಯಾವುದಿದೆ? ಕಬ್ಬಿಣದ ಮಾತ್ರೆ ನುಂಗುವವರು ಅದರ ಜೊತೆಗೇ ಚಹಾ ಕುಡಿಯಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ.

ಬೊಂಡದ, ಅಂದರೆ ಎಳನೀರಿನ, ಬಗ್ಗೆ ಒಂದು ಮಾತು. ರೋಗಿಯನ್ನು ನೋಡಲು ಹೋಗುವಾಗ ಎರಡು ಬೊಂಡ ಹಿಡಿದು ಹೋಗುವುದು ನಮ್ಮ ಪದ್ಧತಿ. ಕಿಡ್ನಿ ಕಾಯಿಲೆಯವರಿಗೆ ಮಾತ್ರ ಕೊಡಬೇಡಿ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಹೃದಯದ ಬಡಿತಕ್ಕೇ ತೊಂದರೆ ಆಗಬಹುದು. ಡಯಾಲಿಸಿಸ್ ಆದ ದಿನ ಅವರಿಗೆ ಬೇಕಾದದ್ದು ಬೊಂಡವೂ ಅಲ್ಲ, ಮಾತೂ ಅಲ್ಲ. ನಿದ್ದೆ. ಮರುದಿನ ಹೋಗಿ.

ಸೆಕೆಗೆ ಸುಸ್ತು ಹೆಚ್ಚುತ್ತದಾ?

ಖಂಡಿತ. ಏಪ್ರಿಲ್ ಮೇಯಲ್ಲಿ ಇಲ್ಲಿನ ಗಾಳಿಯಲ್ಲೇ ನೀರು ತುಂಬಿರುತ್ತದೆ, ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರಿಗೆ ಮೈ ಬಿಸಿಯಾದರೆ ಕಾಲಿನ ಬಲ, ಕಣ್ಣಿನ ದೃಷ್ಟಿ ತಾತ್ಕಾಲಿಕವಾಗಿ ಕುಗ್ಗಬಹುದು. ಹೊರಗಿನ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ನೀರು ಎಷ್ಟು ಕುಡಿಯಬೇಕು ಅಂತ ಹೃದಯ, ಕಿಡ್ನಿ ಕಾಯಿಲೆಯವರು ಡಾಕ್ಟರನ್ನೇ ಕೇಳಬೇಕು.

ಮಳೆಗಾಲದ ಎಚ್ಚರ ಬೇರೆ. ಮಲೇರಿಯಾ, ಡೆಂಗೆ, ಇಲಿಜ್ವರ ಮೂರೂ ಇಲ್ಲಿನ ಮಳೆಯ ಜೊತೆಗೇ ಬರುತ್ತವೆ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರು ಜ್ವರ ಬಂದರೆ “ನನ್ನದು ಯಾವಾಗಲೂ ಇರುವ ಸುಸ್ತು” ಅಂತ ಮಲಗಬಾರದು. ಅದೇ ದಿನ ತೋರಿಸಬೇಕು.

ಮದುವೆ, ಭೂತಕೋಲ, ಆಟ ಎಲ್ಲ ಬಿಡಬೇಕಾ?

ಯಾಕೆ ಬಿಡಬೇಕು? ಯಕ್ಷಗಾನವೇ ಕಾಲಮಿತಿಗೆ ಒಗ್ಗಿಕೊಂಡಿದೆ, ನಾವು ಒಗ್ಗಬಾರದಾ? ಮೊದಲು ಬೆಳಗಿನ ಜಾವದ ತನಕ ಕೂರುತ್ತಿದ್ದೆ. ಈಗ ಮಧ್ಯರಾತ್ರಿಗೆ ಮುಗಿಯುವ ಆಟಕ್ಕೆ ಹೋಗುತ್ತೇನೆ, ಹೋಗುವ ದಿನ ಮಧ್ಯಾಹ್ನ ಮಲಗುತ್ತೇನೆ, ಮರುದಿನ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಮದುವೆಗೆ ಮುಹೂರ್ತದ ಹೊತ್ತಿಗೆ ಹೋಗಿ, ಮೊದಲ ಪಂಕ್ತಿಯಲ್ಲಿ ಊಟ ಮಾಡಿ ಬರುತ್ತೇನೆ. ಮೆಹಂದಿಗೆ ಇಲ್ಲ. 2024ರ ಪರ್ಯಾಯಕ್ಕೆ (ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ) ಜನವರಿ 18ರ ಬೆಳಗಿನ ಜಾವದ ಮೆರವಣಿಗೆಯನ್ನು ಟಿವಿಯಲ್ಲಿ ನೋಡಿ, ಜನ ಕರಗಿದ ಮೇಲೆ ಇನ್ನೊಂದು ದಿನ ರಥಬೀದಿಗೆ ಹೋದೆ. ಬೇಸರ ಆಗಲಿಲ್ಲ ಅಂದರೆ ಸುಳ್ಳು.

ಮನೆಯವರು ನಂಬುವುದಿಲ್ಲ. ಏನು ಮಾಡುವುದು?

ಒಮ್ಮೆ ಡಾಕ್ಟರ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ. ನಾವು ನೂರು ಸಲ ಹೇಳಿದ್ದು ಅವರ ಬಾಯಲ್ಲಿ ಒಂದು ಸಲ ಬಂದರೆ ಸಾಕು. ನನ್ನ ಅತ್ತೆಗೆ ಬಾವಿಯ ಉದಾಹರಣೆ ತಟ್ಟಿತು. ಈಗ ಅವರೇ “ಇವತ್ತು ಬಾವಿಯಲ್ಲಿ ನೀರು ಎಷ್ಟುಂಟು?” ಅಂತ ಕೇಳುತ್ತಾರೆ. “ಸ್ವಲ್ಪ ಸಹಾಯ ಮಾಡಿ” ಎನ್ನುವುದಕ್ಕಿಂತ “ರಾತ್ರಿಯ ಪಾತ್ರೆ ನೀವು ತೊಳೆಯಿರಿ” ಎಂದು ಕೆಲಸದ ಹೆಸರು ಹೇಳುವುದು ವಾಸಿ. ಗಂಡಸರಿಗೆ ಅಂತೂ ಹಾಗೆ ಹೇಳಿದರೇ ಅರ್ಥವಾಗುವುದು.

ಇದು ಮನಸ್ಸಿನ ಕಾಯಿಲೆಯಾ?

ದೇಹದ್ದು. ಆದರೆ ವರ್ಷಗಟ್ಟಲೆ ಹೀಗಿದ್ದರೆ ಮನಸ್ಸೂ ಸೋಲುತ್ತದೆ, ಖಿನ್ನತೆ ತಾನೂ ಸುಸ್ತು ತರುತ್ತದೆ. ಎರಡು ವಾರಕ್ಕಿಂತ ಹೆಚ್ಚು ಯಾವುದರಲ್ಲೂ ಖುಷಿಯಿಲ್ಲ, ಬದುಕು ಬೇಡ ಅನ್ನಿಸುತ್ತದೆ ಎಂದಾದರೆ ಅದಕ್ಕೂ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೆಲಸಕ್ಕೆ ಹೋಗಿಬರುವುದೇ ಸುಸ್ತು. ಏನಾದರೂ ಉಪಾಯ?

ನಮ್ಮ ಉಡುಪಿ, ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ. ಕಂಡಕ್ಟರ್ “ಬೇಗ ಬೇಗ” ಅನ್ನುತ್ತಲೇ ಸೀಟಿ ಊದಿ ಆಗಿರುತ್ತದೆ, ಮಂಡಿ ಹಿಡಿದವರು ಹತ್ತುವುದು ಹೇಗೆ? ನಾನು ಒಂದು ಸ್ಟಾಪ್ ಹಿಂದಕ್ಕೆ ಹೋಗಿ ಖಾಲಿ ಬಸ್ಸು ಹತ್ತುತ್ತೇನೆ. ಆಫೀಸಿನಲ್ಲಿ ಮ್ಯಾನೇಜರ್ ಹತ್ತಿರ ಡಾಕ್ಟರ ಚೀಟಿ ಇಟ್ಟು ಎರಡೇ ವಿಷಯ ಕೇಳಿದೆ. ಕೌಂಟರಿಗೆ ಎತ್ತರದ ಕುರ್ಚಿ, ಊಟದ ಬಿಡುವಿನಲ್ಲಿ ಹಿಂದಿನ ಕೋಣೆಯಲ್ಲಿ 15 ನಿಮಿಷ ಕಾಲು ಚಾಚಲು ಜಾಗ. ಎರಡೂ ಸಿಕ್ಕಿತು. ಕೇಳದೆ ಆರು ವರ್ಷ ಕಳೆದಿದ್ದೆ.

ಯಾವಾಗ ತಡ ಮಾಡಬಾರದು?

ಸುಸ್ತಿನ ಜೊತೆ ಎದೆನೋವು, ಎದೆ ಬಿಗಿತ, ತಣ್ಣನೆ ಬೆವರು, ಮಲಗಿದರೆ ಉಸಿರು ಕಟ್ಟುವುದು, ಒಂದು ಬದಿಯ ಕೈಕಾಲು ಬಲ ಹೋಗುವುದು, ಮಾತು ತೊದಲುವುದು, ಪ್ರಜ್ಞೆ ಮಂಕಾಗುವುದು. ಇವಕ್ಕೆ 108. ಶುಗರ್ ಇರುವವರಿಗೆ ಹೆಂಗಸು ಗಂಡಸು ಭೇದವಿಲ್ಲದೆ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರಾಗಿ ಹೃದಯಾಘಾತ ಆಗುವುದುಂಟು, ನೆನಪಿರಲಿ. ಮಲ ಡಾಂಬರಿನಂತೆ ಕಪ್ಪಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲು ಊದುವುದು ಇದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ಪೂರ್ತಿ ಹೋಗುತ್ತದಾ?

ರಕ್ತಹೀನತೆ, ಥೈರಾಯ್ಡ್, ಬಿ12 ಕಾರಣವಾಗಿದ್ದರೆ ಆ ಭಾಗ ಚಿಕಿತ್ಸೆಯಿಂದ ಹೋಗುತ್ತದೆ, ವಾರಗಳೋ ತಿಂಗಳುಗಳೋ ಬೇಕು. ನನ್ನ ಹಿಮೋಗ್ಲೋಬಿನ್ 12 ದಾಟಿದ ಮೇಲೆ ಸುಸ್ತು ಅರ್ಧ ಇಳಿಯಿತು. ಉಳಿದರ್ಧ ಹಾಗೇ ಉಂಟು. ಗಂಟುಗಳು ತಣ್ಣಗಿದ್ದಾಗಲೂ ಅದು ಪೂರ್ತಿ ಬಿಡುವುದಿಲ್ಲ ಅಂತ ಡಾಕ್ಟರೂ ಒಪ್ಪುತ್ತಾರೆ. ಡೈರಿಯ ಪ್ರಕಾರ ಮೊದಲು ತಿಂಗಳಿಗೆ ಹತ್ತು ಹನ್ನೆರಡು ದಿನ ಹಾಸಿಗೆಯಲ್ಲಿ ಹೋಗುತ್ತಿತ್ತು. ಕಳೆದ ತಿಂಗಳು ನಾಲ್ಕು, ಅದರಲ್ಲಿ ಒಂದು ಅಲಾರಂ ಬಂದ್ ಮಾಡಿ ಪತ್ರೊಡೆ ಒಂದೇ ದಿನದಲ್ಲಿ ಮುಗಿಸಿದ್ದಕ್ಕೆ.